ಸರಕಿಗಿಲ್ಲದ ಗಡಿ ಮನುಷ್ಯನಿಗೇಕೆ?

ಮಹಾರಾಷ್ಟ್ರದ ಗಡಿ ಸೀಮೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಎಲ್ಲಿಯಾದರೂ ಲಾರಿಯೋ ಟೆಂಪೋವೋ ಮಗುಚಿ, ಅದರಲ್ಲಿ ಕೂತಿದ್ದ ಜನ ಸತ್ತರೆ, ಮರುದಿನ ಕೇಳಿಬರುವ ತೀರ್ಪು ಒಂದೇ. ಸರಕಿನ ಗಾಡಿ ಹತ್ತಿದವರಿಗೆ ಬುದ್ಧಿ ಇರಲಿಲ್ಲ. ಹತ್ತಿಸಿಕೊಂಡ ಡ್ರೈವರನಿಗೆ ದುಡ್ಡಿನ ಆಸೆ. ದಂಡ ಏರಿಸಿ, ಲೈಸೆನ್ಸ್ ಕಸಿದುಕೊಳ್ಳಿ, ಎಲ್ಲ ಸರಿಹೋಗುತ್ತದೆ. ಅಧಿಕಾರಿಗಳ ಸಭೆಯಲ್ಲಿ, ವಾಚಕರ ವಾಣಿಯಲ್ಲಿ, ಸ್ವಂತ ಕಾರಿನಲ್ಲಿ ಓಡಾಡುವವರ ಮಾತಿನಲ್ಲಿ ಇದು ಪ್ರಶ್ನೆಯೇ ಇಲ್ಲದ ಸತ್ಯವಾಗಿ ಕೂತುಬಿಟ್ಟಿದೆ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಬಸ್ಸು ಓಡಿಸಬೇಕಾದವರನ್ನು ಕೈಬಿಟ್ಟು, ಬಸ್ಸಿಲ್ಲದವನನ್ನೂ ಅವನಿಗೆ ಕೂರಲು ಜಾಗ ಕೊಟ್ಟವನನ್ನೂ ಅದು ಕಟಕಟೆಗೆ ನಿಲ್ಲಿಸುತ್ತದೆ.

ಕಬ್ಬಿನ ಹೊರೆಯ ಮೇಲೆ ಮಕ್ಕಳನ್ನು ಮಡಿಲಲ್ಲಿ ಕಟ್ಟಿಕೊಂಡು ಕೂರುವುದು ಸುರಕ್ಷಿತವೆಂದು ನಾನು ಹೇಳುತ್ತಿಲ್ಲ. ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ತಿರುವಿನಲ್ಲಿ ಹೇಗೆ ಓಲಾಡುತ್ತದೆ ಎಂಬುದನ್ನು ನವೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ಕಡೆ ರಸ್ತೆಗಿಳಿದವರೆಲ್ಲ ನೋಡಿದ್ದಾರೆ. ಅಪಾಯ ಇದೆ, ದೊಡ್ಡದೇ ಇದೆ. ನನ್ನ ತಕರಾರು ಇರುವುದು ಆ ಅಪಾಯದ ಹೊಣೆಯನ್ನು ಯಾರ ತಲೆಗೆ ಕಟ್ಟುತ್ತಿದ್ದೇವೆ ಎಂಬುದರ ಬಗ್ಗೆ.

ಲಾರಿಗೆ ಕೈ ಮಾಡುವವರು ಯಾರು? ಗಡಿಯಾಚೆಯ ಕಾಗಲ್‌ನ ಪಂಚತಾರಾ ಕೈಗಾರಿಕಾ ಪ್ರದೇಶದಲ್ಲಿ, ಗೋಕುಳ ಶಿರಗಾಂವದಲ್ಲಿ ರಾತ್ರಿ ಪಾಳಿ ಮುಗಿಸಿ ನಿಪ್ಪಾಣಿ ಕಡೆಗೆ ಹೊರಟ ಹುಡುಗರು. ಬೋರಗಾಂವ, ಮಾನಕಾಪುರದಿಂದ ಇಚಲಕರಂಜಿಯ ಮಗ್ಗಕ್ಕೆ ಹೋಗಿಬರುವವರು. ಮಿರಜ್‌ನ ಆಸ್ಪತ್ರೆಯಲ್ಲಿ ಮನೆಯವರನ್ನು ಮಲಗಿಸಿ, ಬುತ್ತಿ ತರಲು ಕಾಗವಾಡಕ್ಕೋ ಅಥಣಿಗೋ ಹೊರಟ ಹೆಂಗಸರು. 1894ರಲ್ಲಿ ವಿಲಿಯಂ ವಾನ್ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದಂದಿನಿಂದ ಅಥಣಿ ಸೀಮೆಯ ಜನಕ್ಕೆ ಕಾಯಿಲೆ ಎಂದರೆ ಮಿರಜ್. ಜಿಲ್ಲಾ ಕೇಂದ್ರವಾದ ಬೆಳಗಾವಿಗಿಂತ ಅದೇ ಹತ್ತಿರ. ಕೊಲ್ಲಾಪುರದ ಪೇಟೆಗೆ ಕಾಯಿಪಲ್ಯ ಇಳಿಸಿ ಖಾಲಿ ಗಾಡಿಯಲ್ಲಿ ಮರಳುವ ರೈತರು. ಬೀಡ್ ಕಡೆಯಿಂದ, ವಿಜಯಪುರ ಕಡೆಯಿಂದ ಸಂಸಾರ ಸಮೇತ ಬರುವ ಕಬ್ಬು ಕಡಿಯುವವರು. ಮಾಘದಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೊರಟ ಭಕ್ತರು. ಇವರಲ್ಲಿ ಸಾಹಸದ ಹುಚ್ಚಿಗೆ ಲಾರಿ ಏರಿದವರು ಯಾರೂ ಇಲ್ಲ. ಇವರಿಗೆಲ್ಲ ಕೆಲಸವಿದೆ, ಹೊತ್ತಿದೆ, ತಲುಪಬೇಕಾದ ಊರಿದೆ. ಆ ಹೊತ್ತಿಗೆ ಬಸ್ಸು ಇಲ್ಲ.

ರೈಲು ಇದೆಯಲ್ಲ ಎನ್ನುವವರು ನಕ್ಷೆ ನೋಡಲಿ. ಮಿರಜ್–ಬೆಳಗಾವಿ ಹಳಿ ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗಗಳನ್ನು ಮುಟ್ಟಿ ಘಟಪ್ರಭೆಯ ಕಡೆಗೆ ಸಾಗುತ್ತದೆ. ಅಥಣಿ ಪಟ್ಟಣಕ್ಕೆ ರೈಲಿಲ್ಲ, ನಿಪ್ಪಾಣಿಗೂ ಇಲ್ಲ. ಚಿಕ್ಕೋಡಿ ರೋಡ್ ಎಂಬ ನಿಲ್ದಾಣಕ್ಕೆ ಚಿಕ್ಕೋಡಿಯ ಹೆಸರಿದೆ, ಆದರೆ ಪಟ್ಟಣ ದೂರ ಉಳಿದಿದೆ. ಮಳೆಗಾಲ ಬಂತೆಂದರೆ ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಕೆಳಮಟ್ಟದ ಸೇತುವೆಗಳು ಒಂದೊಂದಾಗಿ ಮುಳುಗುತ್ತವೆ: ಕಲ್ಲೋಳ–ಯಡೂರು, ಕಾರದಗಾ–ಭೋಜ, ಮಲಿಕವಾಡ–ದತ್ತವಾಡ. 2019ರ ಆಗಸ್ಟ್‌ನಲ್ಲಿ ಮತ್ತು 2021ರ ಜುಲೈನಲ್ಲಿ ಯಮಗರ್ಣಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿಯೇ ನೀರಿನಡಿ ಹೋಯಿತು. ಸೇತುವೆ ಮುಳುಗಿದ ಮೇಲೆ ಸುತ್ತು ಬಳಸಿ ಊರು ಸೇರುವವನು ಯಾವ ಗಾಡಿ ನಿಂತರೆ ಅದನ್ನು ಹತ್ತುತ್ತಾನೆ. ಅವನಿಗೆ ಆಯ್ಕೆ ಇದ್ದಂತೆ ಮಾತನಾಡುವುದೇ ಸುಳ್ಳು.

ಇನ್ನು ಬಸ್ಸು ಏಕಿಲ್ಲ ಎಂಬ ಪ್ರಶ್ನೆ. ದುಡ್ಡಿಲ್ಲ, ಜನ ಬರುವುದಿಲ್ಲ ಎಂಬ ಸಿದ್ಧ ಉತ್ತರ ಸಿಗುತ್ತದೆ. ನಿಜವಾದ ಉತ್ತರ ಕಾನೂನಿನ ಪುಸ್ತಕದಲ್ಲಿದೆ. 1988ರ ಮೋಟಾರು ವಾಹನ ಕಾಯಿದೆಯ 88ನೇ ಕಲಮಿನ ಪ್ರಕಾರ ಒಂದು ರಾಜ್ಯ ಕೊಟ್ಟ ಪರವಾನಗಿ ಇನ್ನೊಂದು ರಾಜ್ಯದಲ್ಲಿ ನಡೆಯಬೇಕಾದರೆ ಆ ರಾಜ್ಯವೂ ಅದಕ್ಕೆ ಸಹಿ ಹಾಕಬೇಕು. ಸರದಿಯ ಬಸ್ಸು ಗಡಿ ದಾಟಲು ಎರಡು ಸರ್ಕಾರಗಳು ಕೂತು ಒಪ್ಪಂದ ಮಾಡಿಕೊಳ್ಳಬೇಕು, ಕರಡು ಪ್ರಕಟಿಸಬೇಕು, ಆಕ್ಷೇಪಣೆ ಕೇಳಬೇಕು. ಯಾವ ಮಾರ್ಗದಲ್ಲಿ ಯಾರು ಎಷ್ಟು ಸರದಿ ಓಡಿಸಬೇಕು ಎಂಬ ಲೆಕ್ಕ ತೀರುವವರೆಗೆ ಹಳ್ಳಿಯ ಮನುಷ್ಯ ನಾಕಾದಲ್ಲಿ ನಿಂತಿರುತ್ತಾನೆ.

ಅದೇ ಕಾಯಿದೆಯ ಅದೇ ಕಲಮು ಸರಕಿನ ಲಾರಿಗೆ ರಾಷ್ಟ್ರೀಯ ಪರವಾನಗಿ ಕೊಡುತ್ತದೆ. 2010ರ ಮೇ ತಿಂಗಳಿಂದ ಅದನ್ನು ಇನ್ನಷ್ಟು ಸಲೀಸು ಮಾಡಲಾಯಿತು. ವರ್ಷಕ್ಕೊಮ್ಮೆ ಒಂದೇ ಶುಲ್ಕ ಕಟ್ಟಿದರೆ ದೇಶವೆಲ್ಲ ಸುತ್ತಬಹುದು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ವಾಣಿಜ್ಯ ತೆರಿಗೆಯ ನಾಕಾಗಳೂ ಎದ್ದುಹೋದವು. ಪ್ರವಾಸಿ ಬಸ್ಸುಗಳಿಗೂ ಅಖಿಲ ಭಾರತ ಪರವಾನಗಿ ಸಿಕ್ಕಿತು. ಪುಣೆಯಿಂದ ಬೆಂಗಳೂರಿಗೆ ಹೋಗುವ ಸ್ಲೀಪರ್ ಕೋಚು ನಿಪ್ಪಾಣಿಯ ಮೇಲೆಯೇ ರಾತ್ರಿಯಿಡೀ ಹಾದುಹೋಗುತ್ತದೆ. ಹೀಗೆ ನಮ್ಮ ಗಡಿಯಲ್ಲಿ ಟೊಮ್ಯಾಟೊಗೆ ತಡೆಯಿಲ್ಲ, ಸಕ್ಕರೆಗೆ ತಡೆಯಿಲ್ಲ, ದೂರದೂರಿನ ಪ್ರಯಾಣಿಕನಿಗೆ ತಡೆಯಿಲ್ಲ. ತಡೆ ಇರುವುದು ಬೆಳಿಗ್ಗೆ ಹೋಗಿ ಸಂಜೆ ಬರುವ ಗಡಿಯ ಮನುಷ್ಯನಿಗೆ ಮಾತ್ರ. ಅವನು ಸರಕಿನ ಗಾಡಿ ಏರಿದ್ದರಲ್ಲಿ ಆಶ್ಚರ್ಯ ಏನಿದೆ? ಗಡಿಯನ್ನು ಎಗ್ಗಿಲ್ಲದೆ ದಾಟುವ ಹಕ್ಕನ್ನು ಸರ್ಕಾರ ಕೊಟ್ಟಿರುವುದೇ ಆ ಗಾಡಿಗೆ.

ಇರುವ ಬಸ್ಸಾದರೂ ನಂಬಿಕೆಯದೇ? ಈಚಿನ ವರ್ಷಗಳನ್ನಷ್ಟೇ ನೋಡಿ. 2021ರ ಏಪ್ರಿಲ್‌ನಲ್ಲಿ ಕರ್ನಾಟಕದ ಸಾರಿಗೆ ನೌಕರರ ಮುಷ್ಕರ. ಅದೇ ವರ್ಷದ ಅಕ್ಟೋಬರ್ ಕೊನೆಯಿಂದ 2022ರ ಏಪ್ರಿಲ್‌ವರೆಗೆ ಮಹಾರಾಷ್ಟ್ರದ ಸಾರಿಗೆ ಸಂಸ್ಥೆಯಾದ ಎಸ್‌ಟಿಯ ನೌಕರರ ಮುಷ್ಕರ. ನೌಕರರ ಬೇಡಿಕೆಯಲ್ಲಿ ನ್ಯಾಯವಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಗಡಿ ವಿವಾದ ಮತ್ತೆ ಬಿಸಿಯಾಗಿ ಎರಡೂ ಕಡೆಯ ಬಸ್ಸುಗಳು ನಿಂತವು. 2025ರ ಫೆಬ್ರುವರಿಯಲ್ಲಿ ಬೆಳಗಾವಿಯ ಬಳಿ ನಿರ್ವಾಹಕರೊಬ್ಬರ ಮೇಲೆ ಹಲ್ಲೆ, ಮುಂದೆ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿನ ಮೇಲೆ ದಾಳಿ. ಬಸ್ಸುಗಳು ಗಡಿ ದಾಟುವುದು ಮತ್ತೆ ನಿಂತಿತು. ಇದರ ನಡುವೆ ಕೊರೊನಾ ಕಾಲ. ಕೊಗನೊಳ್ಳಿ ನಾಕಾದಲ್ಲಿ ಜನರನ್ನು ತಡೆದು ಆರ್‌ಟಿ-ಪಿಸಿಆರ್ ವರದಿ ಕೇಳುತ್ತಿದ್ದ ದಿನಗಳಲ್ಲೂ ಸರಕು ಸಾಗಣೆ ನಡೆದೇ ಇತ್ತು. ಪ್ರತಿ ಬಾರಿ ನಿಂತದ್ದು ಬಸ್ಸು, ಓಡಿದ್ದು ಲಾರಿ. 1956ರ ನವೆಂಬರ್ 1ರಂದು ಎಳೆದ ಗೆರೆ, 1967ರ ಮಹಾಜನ ವರದಿ, 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ದಾವೆ, ಇವುಗಳ ಬಗ್ಗೆ ಭಾಷಣ ಮಾಡುವವರು ಎರಡೂ ಕಡೆ ಬೇಕಾದಷ್ಟಿದ್ದಾರೆ. ಕಾಗವಾಡದಿಂದ ಮಿರಜ್‌ಗೆ ರಾತ್ರಿ ಹತ್ತರ ನಂತರ ಒಂದು ಬಸ್ಸು ಬೇಕು ಎಂದು ಅದೇ ದನಿಯಲ್ಲಿ ಕೂಗುವವರು ಕಾಣುವುದಿಲ್ಲ.

ಸರ್ಕಾರಗಳು ಜನರನ್ನು ಮರೆತಿಲ್ಲ ಎಂಬ ಮಾತಿಗೆ ಈಗ ಹೊಸ ಸಾಕ್ಷಿ ತೋರಿಸುತ್ತಾರೆ. 2023ರ ಮಾರ್ಚ್ 17ರಿಂದ ಮಹಾರಾಷ್ಟ್ರದ ಎಸ್‌ಟಿಯಲ್ಲಿ ಮಹಿಳೆಯರಿಗೆ ಅರ್ಧ ದರ. ಅದೇ ವರ್ಷದ ಜೂನ್ 11ರಿಂದ ಕರ್ನಾಟಕದಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ. ಎರಡೂ ಒಳ್ಳೆಯ ಯೋಜನೆಗಳು, ಹೆಂಗಸರ ಓಡಾಟವನ್ನು ಬದಲಿಸಿದವು. ಆದರೆ ಎರಡೂ ಆಯಾ ರಾಜ್ಯದ ಪ್ರಯಾಣವನ್ನು ಮನಸ್ಸಿನಲ್ಲಿಟ್ಟು ಮಾಡಿದವು. ದರ ಸೊನ್ನೆಯಾದರೂ ಗಾಡಿಯೇ ಬಾರದ ಹೊತ್ತಿನಲ್ಲಿ ಟಿಕೆಟ್ಟಿನ ಉಪಯೋಗವೇನು? ಉಗಾರದಿಂದ ಸಾಂಗಲಿಗೆ ಮಗಳ ಹೆರಿಗೆಗೆ ಹೊರಟ ತಾಯಿಗೆ ಬೇಕಾದದ್ದು ಆ ಹೊತ್ತಿಗೆ ನಾಕಾ ದಾಟುವ ಒಂದು ಗಾಡಿ.

ಇಲ್ಲಿಯವರೆಗೆ ಹೇಳಿದ್ದು ಕೊರತೆಯ ಕಥೆ. ಇದಕ್ಕಿಂತ ಕ್ರೂರವಾದದ್ದು ವಿಮೆಯ ಕಥೆ. ಮೋಟಾರು ವಾಹನ ಕಾಯಿದೆಗೆ 1994ರಲ್ಲಿ ತಿದ್ದುಪಡಿ ಬಂತು. ಸರಕಿನ ಗಾಡಿಯಲ್ಲಿ ಸರಕಿನ ಒಡೆಯನೋ ಅವನ ಅಧಿಕೃತ ಪ್ರತಿನಿಧಿಯೋ ಪ್ರಯಾಣಿಸುತ್ತಿದ್ದರೆ ಅವನಿಗೆ ವಿಮೆಯ ರಕ್ಷಣೆ ಸಿಕ್ಕಿತು. ಸುಮ್ಮನೆ ಹತ್ತಿದವನಿಗೆ ಸಿಗಲಿಲ್ಲ. 2002ರ ಡಿಸೆಂಬರ್‌ನಲ್ಲಿಯೂ 2004ರಲ್ಲಿಯೂ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪುಗಳು ಇದನ್ನು ಗಟ್ಟಿ ಮಾಡಿದವು: ಸರಕಿನ ಗಾಡಿಯಲ್ಲಿ ಸುಮ್ಮನೆ ಪ್ರಯಾಣಿಸಿದವನ ಹೊಣೆ ಕಾಯಿದೆಯ ಪ್ರಕಾರ ವಿಮಾ ಕಂಪನಿಯದಲ್ಲ. ಇದರ ಅರ್ಥವನ್ನು ನಮ್ಮ ರಸ್ತೆಗೆ ತಂದು ನೋಡಿ. ಒಂದೇ ಟೆಂಪೋದಲ್ಲಿ ಇಬ್ಬರು ಕೂತಿದ್ದಾರೆ. ಒಬ್ಬನ ಟೊಮ್ಯಾಟೊ ಕ್ರೇಟುಗಳು ಹಿಂದೆ ಇವೆ, ಇನ್ನೊಬ್ಬನ ಕೈಯಲ್ಲಿ ಊಟದ ಡಬ್ಬಿ ಇದೆ. ಗಾಡಿ ಹಳ್ಳಕ್ಕೆ ಬಿದ್ದರೆ ಮೊದಲನೆಯವನ ಮನೆಗೆ ವಿಮೆಯ ಪರಿಹಾರಕ್ಕೆ ಕಾನೂನಿನ ದಾರಿ ಇದೆ. ಎರಡನೆಯವನ ಹೆಂಡತಿ ಗಾಡಿಯ ಮಾಲೀಕನ ಬೆನ್ನು ಹತ್ತಿ ವರ್ಷಗಟ್ಟಲೆ ಕೋರ್ಟು ಅಲೆಯಬೇಕು. ಮಾಲೀಕನಿಗೆ ಇರುವುದೇ ಆ ಒಂದು ಗಾಡಿ, ಅದೂ ಜಜ್ಜಿಹೋಗಿದೆ. ಟೊಮ್ಯಾಟೊ ಬುಟ್ಟಿಯ ಜೊತೆಗಿದ್ದರೆ ಮಾತ್ರ ಮನುಷ್ಯನ ಜೀವಕ್ಕೆ ಬೆಲೆ ಬರುವ ಈ ವ್ಯವಸ್ಥೆಯನ್ನು ನ್ಯಾಯವೆಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

‘ಅದಕ್ಕೇ ಹತ್ತಬಾರದು’ ಎನ್ನುತ್ತಾರೆ. ಹತ್ತಬಾರದು ಎಂದು ಹೇಳುವ ಹಕ್ಕು, ಹತ್ತದೆಯೂ ಊರು ಮುಟ್ಟುವ ದಾರಿ ತೋರಿಸಿದವರಿಗೆ ಮಾತ್ರ ಇದೆ.

ಈಗ ಡ್ರೈವರನ ವಿಷಯ. ಲಾರಿ ಡ್ರೈವರ್ ಎಂದರೆ ಕುಡುಕ, ಕಾಮುಕ, ರೋಗ ಹಂಚುವವನು ಎಂಬ ಚಿತ್ರ ನಮ್ಮ ಮಧ್ಯಮ ವರ್ಗದ ತಲೆಯಲ್ಲಿ ಬೇರೂರಿದೆ. ತೊಂಬತ್ತರ ದಶಕದ ಏಡ್ಸ್ ಪ್ರಚಾರ ಹೆದ್ದಾರಿಯ ಉದ್ದಕ್ಕೂ ಅವನ ಕಡೆಗೆ ಬೆರಳು ತೋರಿ ಈ ಚಿತ್ರಕ್ಕೆ ಸರ್ಕಾರಿ ಮುದ್ರೆ ಒತ್ತಿತು. ಅವನ ಆರೋಗ್ಯದ ಕಾಳಜಿ ಬೇಕಿತ್ತು; ಇಡೀ ಕಸುಬನ್ನು ಕಳಂಕಿತ ಮಾಡಬೇಕಿರಲಿಲ್ಲ. ಅವನ ದುಡಿಮೆಯ ಕಡೆ ಯಾರೂ ಬೆರಳು ತೋರಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಹೆದ್ದಾರಿಯ ಯಾವ ಧಾಬಾದಲ್ಲಾದರೂ ಕೂತು ಕೇಳಿದರೆ ಆ ಮಿತಿ ಎಲ್ಲಿದೆ ಎಂಬುದು ತಿಳಿಯುತ್ತದೆ. ನಿದ್ದೆಗೆಟ್ಟ ಡ್ರೈವರನೇ ರಸ್ತೆಯ ನಿಜವಾದ ಅಪಾಯ. ಅವನನ್ನು ನಿದ್ದೆಗೆಡಿಸುವವನು ಬಾಡಿಗೆಯ ಹೊತ್ತು ಗೊತ್ತು ಮಾಡುವ ಮಾಲೀಕ, ದಲ್ಲಾಳಿ, ಕಾರ್ಖಾನೆ. ಅಪಘಾತದ ಮರುದಿನದ ತೀರ್ಪಿನಲ್ಲಿ ಇವರ ಹೆಸರು ಬರುವುದೇ ಇಲ್ಲ.

ರಾತ್ರಿ ಹೊತ್ತು ಕ್ಯಾಬಿನ್ನಿನಲ್ಲಿ ಜಾಗ ಕೊಡುವ ಡ್ರೈವರ್ ಎಷ್ಟೋ ಸಲ ದುಡ್ಡು ಕೇಳುವುದಿಲ್ಲ. ಕೇಳಿದರೂ ಬಸ್ಸಿನ ದರದ ಆಸುಪಾಸು. ಅವನಿಗೆ ಬೇಕಾದದ್ದು ಕಣ್ಣು ಮುಚ್ಚದಂತೆ ಮಾತಾಡಿಸುವ ಒಬ್ಬ ಜೊತೆಗಾರ. ‘ಎಲ್ಲಿಗಿ ಹೊಂಟೀರಿ, ಮಳಿ ಆತೇನು, ಈ ಸಲ ಕಬ್ಬಿಗೆ ಎಷ್ಟ ಕೊಟ್ರು’ ಎಂದು ಶುರುವಾಗುವ ಮಾತು ಕನ್ನಡದಿಂದ ಮರಾಠಿಗೆ, ಮರಾಠಿಯಿಂದ ಹಿಂದಿಗೆ ಹೊರಳುತ್ತ ಊರು ಬರುವವರೆಗೆ ನಡೆಯುತ್ತದೆ. ಭಾಷೆಯ ಹೆಸರಿನಲ್ಲಿ ಕಲ್ಲು ತೂರುವವರು ಕಾಣಬೇಕಾದದ್ದು ಈ ಕ್ಯಾಬಿನ್ನನ್ನು. 2022ರ ಡಿಸೆಂಬರ್‌ನಲ್ಲಿ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರ ನೋಂದಣಿಯ ಲಾರಿಗಳ ಗಾಜು ಒಡೆದಾಗ ಕಲ್ಲೇಟು ತಿಂದವನು ಯಾವ ದಾವೆಯಲ್ಲೂ ಕಕ್ಷಿದಾರನಲ್ಲದ ಡ್ರೈವರ್.

ಹೆಂಗಸರ ಸುರಕ್ಷತೆಯ ಪ್ರಶ್ನೆ ನಿಜವಾದದ್ದು, ಅದನ್ನು ತಳ್ಳಿಹಾಕಲಾಗದು. ಅಪರಿಚಿತನ ಗಾಡಿಯಲ್ಲಿ ಒಬ್ಬಳೇ ಕೂರುವುದು ಭಯದ ಕೆಲಸ, ಆ ಭಯಕ್ಕೆ ಕಾರಣಗಳೂ ಇವೆ. ಆದರೆ ಇದನ್ನು ದಂಡದ ಪರವಾಗಿ ಬಳಸುವವರು ಒಂದನ್ನು ಯೋಚಿಸಲಿ. ಇಂದು ರಸ್ತೆಯ ಮೇಲೆ ಸರ್ಕಾರದ ಕಣ್ಣಿಗೆ ಅತಿ ಹೆಚ್ಚು ಬೀಳುವ ಗಾಡಿ ಲಾರಿ. ಟೋಲಿನಲ್ಲಿ ಫಾಸ್ಟ್ಯಾಗ್ ಅದರ ಹೊತ್ತು ಬರೆದಿಡುತ್ತದೆ. ಸರಕು 50,000 ರೂಪಾಯಿ ಮೀರಿದರೆ ಇ-ವೇ ಬಿಲ್ಲಿನಲ್ಲಿ ಗಾಡಿಯ ನಂಬರು, ಎಲ್ಲಿಂದ ಎಲ್ಲಿಗೆ ಎಂಬುದೆಲ್ಲ ದಾಖಲಾಗುತ್ತದೆ. ಹಿಂದೆ ಇರುವ ಸಕ್ಕರೆ ಚೀಲದ ಲೆಕ್ಕವಿದೆ, ಮುಂದೆ ಕೂತ ಹೆಣ್ಣುಮಗಳ ಲೆಕ್ಕವಿಲ್ಲ. ಅವಳ ಪ್ರಯಾಣ ಅಪರಾಧವೆನಿಸಿಕೊಂಡದ್ದರಿಂದ ಡ್ರೈವರ್ ಅವಳನ್ನು ನಾಕಾದ ಮೊದಲೇ ಕತ್ತಲೆಯಲ್ಲಿ ಇಳಿಸುತ್ತಾನೆ, ನಾಕಾ ದಾಟಿ ಮತ್ತೆ ಹತ್ತಿಸಿಕೊಳ್ಳುತ್ತಾನೆ. ಅವಳನ್ನು ಆ ಕತ್ತಲೆಗೆ ಇಳಿಸಿದ್ದು ದಂಡದ ಹೆದರಿಕೆ. ಬೆಳಕಿರುವ ಜಾಗದಲ್ಲಿ, ನಾಲ್ಕು ಜನರೆದುರು, ಗಾಡಿ ನಂಬರು ಬರೆದುಕೊಂಡು ಹತ್ತುವ ವ್ಯವಸ್ಥೆ ಇದ್ದರೆ ಅವಳು ಹೆಚ್ಚು ಸುರಕ್ಷಿತಳು.

ನಿಷೇಧ ಏನು ಮಾಡುತ್ತದೆ ಎಂಬುದಕ್ಕೆ ದೂರದ ಒಂದು ಸಾಕ್ಷಿ ಇದೆ. ಆಫ್ರಿಕಾದ ನೈಜರ್ ದೇಶದ ಅಗಾದೆಜ್ ಪಟ್ಟಣದಿಂದ ಸಹಾರಾ ಮರುಭೂಮಿ ದಾಟಿ ಲಿಬಿಯಾ ಕಡೆಗೆ ಲಾರಿಗಳೂ ಪಿಕಪ್ಪುಗಳೂ ತಲೆಮಾರುಗಳಿಂದ ಜನರನ್ನು ಕೊಂಡೊಯ್ಯುತ್ತಿದ್ದವು. ಸರಕಿನ ಮೇಲೆ ಕಟ್ಟಿಕೊಂಡು ಕೂತ ಜನ, ಮರಳಿನ ದಾರಿ, ದಿನಗಟ್ಟಲೆ ಪಯಣ. ಯುರೋಪಿನ ಒತ್ತಡದಿಂದ 2015ರಲ್ಲಿ ನೈಜರ್ ಒಂದು ಕಾನೂನು ತಂದು ಆ ಡ್ರೈವರುಗಳನ್ನು ಅಪರಾಧಿಗಳನ್ನಾಗಿ ಮಾಡಿತು. ಪಯಣ ನಿಲ್ಲಲಿಲ್ಲ. ಬಾವಿಗಳಿರುವ ಹಳೆಯ ದಾರಿ ಬಿಟ್ಟು ಗಾಡಿಗಳು ನೀರಿಲ್ಲದ ಬೇರೆ ದಾರಿ ಹಿಡಿದವು. ಗಸ್ತಿನವರು ಕಂಡರೆ ಜನರನ್ನು ಮರಳಿನಲ್ಲೇ ಇಳಿಸಿ ಓಡಿದವರೂ ಇದ್ದರು. ಮರುಭೂಮಿ ಮೊದಲಿಗಿಂತ ಹೆಚ್ಚು ಜನರನ್ನು ನುಂಗಿತು. ಕೊನೆಗೆ 2023ರ ನವೆಂಬರ್‌ನಲ್ಲಿ ಅಲ್ಲಿನ ಸೈನಿಕ ಆಡಳಿತ ಆ ಕಾನೂನನ್ನೇ ರದ್ದು ಮಾಡಿತು. ಇದಕ್ಕೆ ಎದುರಾಗಿ ಉತ್ತರ ಕೀನ್ಯಾವನ್ನು ನೋಡಿ. ಇಥಿಯೋಪಿಯಾದ ಗಡಿಯಲ್ಲಿರುವ ಮೊಯಾಲೆಗೆ ಹೋಗಲು ಜನ ದನದ ಲಾರಿಗಳ ಮೇಲೆ ಕೂತು ಮಾರ್ಸಬಿತ್‌ನ ಬೆಂಗಾಡನ್ನು ದಾಟುತ್ತಿದ್ದರು. ಕಳೆದ ದಶಕದಲ್ಲಿ ಆ ರಸ್ತೆಗೆ ಡಾಂಬರು ಬಿತ್ತು, ದಿನನಿತ್ಯದ ಬಸ್ಸುಗಳು ಬಂದವು. ಬಸ್ಸು ಬಂದ ಮೇಲೆ ಲಾರಿಯ ಮೇಲೆ ಕೂರುವುದು ಅನಿವಾರ್ಯವಾಗಿ ಉಳಿಯಲಿಲ್ಲ. ಮರುಭೂಮಿಯಲ್ಲೇ ಸಾಧ್ಯವಾದದ್ದು ಕೃಷ್ಣೆಯ ದಂಡೆಯಲ್ಲಿ, ರಾಷ್ಟ್ರೀಯ ಹೆದ್ದಾರಿ ಹಾದುಹೋಗುವ ಸೀಮೆಯಲ್ಲಿ ಸಾಧ್ಯವಿಲ್ಲ ಎಂದರೆ ಯಾರು ನಂಬಬೇಕು?

ಹಾಗಾದರೆ ಆಗಬೇಕಾದದ್ದೇನು? ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಗೆ ಚಿಕ್ಕೋಡಿಯಲ್ಲೇ ವಿಭಾಗೀಯ ಕಚೇರಿ ಇದೆ. ಅದೂ ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ ವಿಭಾಗಗಳೂ ಸೇರಿ ಗಡಿಯ ಎರಡೂ ಕಡೆಗೆ ಓಡುವ ಸಣ್ಣ ದೂರದ ಬಸ್ಸುಗಳ ಪಟ್ಟಿ ಮಾಡಲಿ: ನಿಪ್ಪಾಣಿ–ಕಾಗಲ್, ಬೋರಗಾಂವ–ಇಚಲಕರಂಜಿ, ಕಾಗವಾಡ–ಮಿರಜ್, ಅಥಣಿ–ಜತ್ತ. ಕಾರ್ಖಾನೆಯ ಪಾಳಿ ಬಿಡುವ ಹೊತ್ತಿಗೆ, ಆಸ್ಪತ್ರೆಯ ಭೇಟಿ ಮುಗಿಯುವ ಹೊತ್ತಿಗೆ ಅವು ಹೊರಡಲಿ. ಎರಡು ರಾಜ್ಯಗಳ ಒಪ್ಪಂದದಲ್ಲಿ ಒಂದು ಷರತ್ತು ಇರಲಿ: ರಾಜಕೀಯ ಜಗಳ ಏನೇ ಇದ್ದರೂ ಈ ಬಸ್ಸುಗಳು ಪೊಲೀಸ್ ಬೆಂಗಾವಲಿನಲ್ಲಾದರೂ ಓಡಬೇಕು. ಆಂಬುಲೆನ್ಸನ್ನು ಗಡಿ ವಿವಾದಕ್ಕಾಗಿ ನಿಲ್ಲಿಸದ ಮೇಲೆ ರೋಗಿಯ ತಾಯಿ ಕೂತ ಬಸ್ಸನ್ನೂ ನಿಲ್ಲಿಸಬಾರದು. ಕಬ್ಬು ಕಡಿಯುವವರನ್ನು ಕರೆತರುವ ಹೊಣೆ ಸಕ್ಕರೆ ಕಾರ್ಖಾನೆಗಳದು. ಸೀಟು ಇರುವ ಗಾಡಿಯಲ್ಲೇ ಅವರನ್ನು ಕರೆತಂದು ಗದ್ದೆಗೆ ಮುಟ್ಟಿಸಬೇಕೆಂಬ ನಿಯಮ ಬರಲಿ. ಹಂಗಾಮಿನ ಪರವಾನಗಿಗೆ ಅದನ್ನು ಜೋಡಿಸಿದರೆ ಪಾಲನೆ ತಾನಾಗಿ ಆಗುತ್ತದೆ.

ಇವೆಲ್ಲ ಆದ ಮೇಲೂ ಕೆಲವರು ಲಾರಿ ಹತ್ತುತ್ತಾರೆ. ಅವರಿಗಾಗಿ ಕಾನೂನು ಕ್ಯಾಬಿನ್ನಿಗೂ ಹೊರೆಗೂ ವ್ಯತ್ಯಾಸ ಮಾಡಲಿ. ಬೆಲ್ಟಿರುವ ಸೀಟಿನಲ್ಲಿ ಕೂತ ಒಬ್ಬನನ್ನೂ, ಹೊರೆಯ ಮೇಲೆ ಕಿಕ್ಕಿರಿದ ಜನರನ್ನೂ ಒಂದೇ ಕಣ್ಣಿನಿಂದ ನೋಡುವುದು ತಪ್ಪು. ಕ್ಯಾಬಿನ್ನಿನ ಸೀಟಿನಲ್ಲಿ ಕೂತವನಿಗೆ, ಸರಕು ಅವನದಿರಲಿ ಬಿಡಲಿ, ಕಡ್ಡಾಯ ವಿಮೆಯ ರಕ್ಷಣೆ ಸಿಗುವಂತೆ ಕಾಯಿದೆಗೆ ತಿದ್ದುಪಡಿಯಾಗಲಿ. ಚಿಕ್ಕೋಡಿಯ ಸಂಸದರೂ ಈ ಭಾಗದ ಶಾಸಕರೂ ಇದನ್ನು ಕೇಳಬೇಕು. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಶರದ್ ಜೋಶಿಯವರ ಮುಂದಾಳತ್ವದಲ್ಲಿ ಇದೇ ಹೆದ್ದಾರಿಯ ಮೇಲೆ ಕೂತು, ಗುಂಡೇಟಿಗೆ ಎದೆಯೊಡ್ಡಿ ಬೆಳೆಗೆ ಬೆಲೆ ಕೇಳಿದರು. ಆ ಹೋರಾಟದಲ್ಲಿ ಕನ್ನಡಿಗ, ಮರಾಠಿಗ ಎಂಬ ಭೇದ ಇರಲಿಲ್ಲ. ಬೆಳೆಗೆ ಬೆಲೆ ಕೇಳಿದ ನಾಡಿನವರು ಇಂದು ತಮ್ಮ ಜೀವಕ್ಕೆ ಬೆಲೆ ಕೇಳಬೇಕು, ಅದೇ ಒಗ್ಗಟ್ಟಿನಿಂದ.

ಲಾರಿ ಹತ್ತಿದವನ ಬುದ್ಧಿಯನ್ನು ಅಳೆಯುವುದನ್ನು ನಿಲ್ಲಿಸೋಣ. ಮುಂದಿನ ಬಾರಿ ಅಪಘಾತದ ಸುದ್ದಿ ಬಂದಾಗ ಮೊದಲ ಪ್ರಶ್ನೆ ಇದಾಗಲಿ: ಆ ರಾತ್ರಿ ಆ ದಾರಿಯಲ್ಲಿ ಬಸ್ಸು ಇತ್ತೇ? ಇರಲಿಲ್ಲವೆಂದರೆ, ಬಸ್ಸು ಓಡಿಸದವರೂ ಎಫ್‌ಐಆರ್‌ನಲ್ಲಿ ಆರೋಪಿಗಳೇ. ಅವರ ಹೆಸರು ಬರೆಯುವ ಧೈರ್ಯ ಬರುವವರೆಗೆ ಡ್ರೈವರನ ಮೇಲೆ ಹಾಕುವ ಯಾವ ದಂಡವೂ ನ್ಯಾಯವಾಗುವುದಿಲ್ಲ.